ಅತ್ತೆಯ ರೈಲಿನ ಡಿಸ್ಕು

ನನ್ನ ಅತ್ತೆ ತಾವರಗೇರಾದ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವರು. ಅರವತ್ತು ತುಂಬಿತೆಂದು ಕೆಲಸದಿಂದ ಬಿಡಿಸಿದ ಮೇಲೆ ಕೊಪ್ಪಳದ ನಮ್ಮ ಮನೆಗೆ ಬಂದರು. ಮುನ್ನೂರು ಮಕ್ಕಳಿಗೆ ಅನ್ನ, ಸಾರು ಮಾಡಿದ ಕೈ ಅದು. ನಮ್ಮ ಮೂರು ಮಂದಿಯ ಅಡುಗೆ ಅದಕ್ಕೆ ಯಾವ ಲೆಕ್ಕ? ನಾನು ಅಳವಂಡಿಯ ಪ್ರೌಢಶಾಲೆಗೆ ಇಂಗ್ಲಿಷ್ ಕಲಿಸಲು ಬಸ್ಸು ಹತ್ತುವಷ್ಟರಲ್ಲಿ ಅವರ ಕೆಲಸವೆಲ್ಲ ಮುಗಿದಿರುತ್ತಿತ್ತು. ಆಮೇಲೆ ಸಂಜೆಯವರೆಗೆ ಸುಮ್ಮನೆ ಕೂರಬೇಕು. ಟಿ.ವಿ. ಧಾರಾವಾಹಿ ಅವರಿಗೆ ಸೇರುತ್ತಿರಲಿಲ್ಲ. "ಬರೇ ಅಳ್ತಾರವಾ. ಯಾರೂ ಒಂದು ಕೆಲಸ ಮಾಡಂಗಿಲ್ಲ" ಎನ್ನುತ್ತಿದ್ದರು.

ಒಂದು ಭಾನುವಾರ ನನ್ನ ಗಂಡ ತನ್ನ ಹಳೆಯ ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟ ಆಡುತ್ತಿದ್ದ. ಕಾಲೇಜಿನಲ್ಲಿದ್ದಾಗ ಹುಬ್ಬಳ್ಳಿಯಿಂದ ತಂದ ಆಟ. ಒಂದು ಡಬ್ಬಿ, ಒಳಗೊಂದು ಡಿಸ್ಕು, ಜೊತೆಗೊಂದು ತೆಳುವಾದ ಪುಸ್ತಕ. ಅತ್ತೆ ಕಸ ಗುಡಿಸುತ್ತ ಬಂದವರು ಅವನ ಬೆನ್ನ ಹಿಂದೆ ನಿಂತರು.

"ಕೆಂಪು ದೀಪ ಕಂಡ್ರೂ ಹೊಂಟೀಯಲ್ಲೋ" ಎಂದರು.

"ಆಟ ಅವ್ವ, ಏನೂ ಆಗಂಗಿಲ್ಲ."

"ನಿನಗಾಗಂಗಿಲ್ಲ. ಒಳಗ ಕುಂತ ಮಂದಿಗೆ?"

ಮುಂದಿನ ವಾರ ಆ ಕುರ್ಚಿಯಲ್ಲಿ ಅವರೇ ಕುಳಿತಿದ್ದರು. ವೇಗ ಹೆಚ್ಚಿಸುವ ಕೀಲಿ, ಬ್ರೇಕಿನ ಕೀಲಿ, ಬಾಗಿಲು ತೆರೆಯುವ ಕೀಲಿ, ಇಷ್ಟನ್ನು ಗಂಡ ತೋರಿಸಿಕೊಟ್ಟ. ತಿಂಗಳೊಪ್ಪತ್ತಿನಲ್ಲಿ ಅವರು ಅವನನ್ನು ಮೀರಿಸಿದರು. ಎಂಟು ಡಬ್ಬಿಯ ರೈಲನ್ನು ಪ್ಲಾಟ್‌ಫಾರ್ಮಿಗೆ ಸರಿಯಾಗಿ ತಂದು ನಿಲ್ಲಿಸುವುದು ಸುಲಭವಲ್ಲ. ನಾನು ಪ್ರಯತ್ನಿಸಿದಾಗಲೆಲ್ಲ ರೈಲು ಊರು ದಾಟಿ ಹೋಗುತ್ತಿತ್ತು. ಅತ್ತೆಯದು ಒಂದು ಗೇಣೂ ತಪ್ಪುತ್ತಿರಲಿಲ್ಲ. ಬಾಗಿಲು ತೆರೆದ ಮೇಲೂ ಅವರಿಗೆ ಅವಸರವಿಲ್ಲ. ಪ್ಲಾಟ್‌ಫಾರ್ಮಿನ ಮೇಲಿದ್ದವರು ಬರೀ ಚಿತ್ರಗಳು, ಹತ್ತುವವರಲ್ಲ. ಅದು ಗೊತ್ತಿದ್ದೂ, ಒಂದು ಮುದುಕಿಯ ಚಿತ್ರ ಕಂಡ ಕಡೆಯಲ್ಲಿ ತುಸು ಹೆಚ್ಚು ಹೊತ್ತು ಕಾಯುತ್ತಿದ್ದರು.

ಊರುಗಳ ಹೆಸರು ಇಂಗ್ಲಿಷಿನಲ್ಲಿದ್ದವು, ಅತ್ತೆಗೆ ಓದಲು ಬಾರದು. ಹಾಗಾಗಿ ತಾವೇ ಹೆಸರಿಟ್ಟರು. ಮೊದಲ ನಿಲ್ದಾಣ ತಾವರಗೇರಾ. ಸುರಂಗ ದಾಟಿದ ಮೇಲೆ ಬರುವುದು ಕುಷ್ಟಗಿ. ಕೆರೆಯ ದಂಡೆಯದು ಸಾಣಾಪುರ. ಆಗ ಈ ಮೂರರಲ್ಲಿ ಯಾವ ಊರಿಗೂ ರೈಲು ಬಂದಿರಲಿಲ್ಲ. ನಾನು ಶಾಲೆಯಿಂದ ಬಂದೊಡನೆ ಅವರು ವರದಿ ಒಪ್ಪಿಸುತ್ತಿದ್ದರು: "ಇವತ್ತು ಕುಷ್ಟಗಿಗೆ ಎರಡು ನಿಮಿಷ ಮೊದಲ ಮುಟ್ಟೀನಿ ನೋಡು." ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಉಪ್ಪು, ಹುಳಿ, ಒಗೆಯುವ ಬಟ್ಟೆ ಬಿಟ್ಟರೆ ಹೆಚ್ಚು ಮಾತಿರಲಿಲ್ಲ. ರೈಲಿನಿಂದ ಮಾತು ಬೆಳೆಯಿತು.

ಎರಡು ವರ್ಷದ ಮೇಲೆ ಆ ಕಂಪ್ಯೂಟರ್ ಒಮ್ಮೆಲೆ ನಿಂತುಹೋಯಿತು. ಗಂಡ ಹೊಸ ಲ್ಯಾಪ್‌ಟಾಪ್ ತಂದ. ಅದಕ್ಕೆ ಡಿಸ್ಕು ಹಾಕುವ ಬಾಯಿಯೇ ಇರಲಿಲ್ಲ. ತಾಯಿ ಸಪ್ಪಗಾಗಿದ್ದು ನೋಡಿ ಅದೇ ಬಗೆಯ ಹೊಸ ಆಟವೊಂದನ್ನು ತರಿಸಿದ. ದೊಡ್ಡ, ಹೊಳೆಯುವ ಡಬ್ಬಿ. ಅತ್ತೆ ಕೈ ತೊಳೆದುಕೊಂಡು ಬಂದು ತೆರೆದರು. ಒಳಗೆ ಒಂದು ಕಾರ್ಡು, ಅದರ ಮೇಲೆ ಅಕ್ಷರ, ಅಂಕಿಗಳ ಉದ್ದನೆಯ ಸಾಲು. ಬೇರೇನೂ ಇಲ್ಲ.

"ಆಟ ಎಲ್ಲೈತೋ?"

"ನೆಟ್‌ನ್ಯಾಗ ಐತಿ ಅವ್ವ. ಅವರ ಅಂಗಡ್ಯಾಗ ನಮ್ಮದೊಂದು ಖಾತೆ ತೆರೀಬೇಕು. ಈ ನಂಬರ್ ಕೊಟ್ರ ಆಟ ಇಳೀತೈತಿ."

"ಮತ್ತ ಡಬ್ಬಿ ಯಾಕ ಕೊಟ್ರು?"

ಗಂಡ ಕಾರ್ಡನ್ನು ನನ್ನ ಕೈಗಿತ್ತ.

ಖಾತೆ ತೆರೆದದ್ದು ನಾನು. ಒಲೆಯ ಮೇಲೆ ಹಾಲಿತ್ತು, ಅವಸರದಲ್ಲಿದ್ದೆ. ಹುಟ್ಟಿದ ದಿನಾಂಕ ಕೇಳಿತು. ಯಾರು ನೋಡುತ್ತಾರೆ ಎಂದುಕೊಂಡು ಬೆರಳಿಗೆ ಬಂದ ಯಾವುದೋ ದಿನಾಂಕ ಒತ್ತಿದೆ. ನನ್ನ ಫೋನ್ ನಂಬರ್ ಕೊಟ್ಟೆ. ಆಟ ಇಳಿಯಲು ಎರಡು ದಿನ ಹಿಡಿಯಿತು.

ಅದು ಚೆಂದದ ಆಟ, ಸುಳ್ಳು ಹೇಳಬಾರದು. ಗಾಜಿನ ಮೇಲೆ ಮಳೆಹನಿ ಜಾರುತ್ತಿದ್ದವು. ಸೇತುವೆ ಬಂದರೆ ಗಾಲಿಯ ಸದ್ದು ಬದಲಾಗುತ್ತಿತ್ತು. ಮೊದಲ ಬಾರಿ ಹಿಮ ಬಿದ್ದಾಗ ಅತ್ತೆ ರೈಲು ನಿಲ್ಲಿಸಿ ನನ್ನನ್ನು ಅಡುಗೆಮನೆಯಿಂದ ಕರೆದು ತೋರಿಸಿದರು.

ತೊಂದರೆ ಶುರುವಾದದ್ದು ನಾದಿನಿಯ ಎರಡನೆಯ ಹೆರಿಗೆಯಲ್ಲಿ. ಅವಳನ್ನು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ದೊಡ್ಡ ಮಗಳ ಶಾಲೆ ತಪ್ಪುತ್ತದೆಂದು ಅವಳು ತವರಿಗೆ ಬರಲಿಲ್ಲ, ಬಾಣಂತನಕ್ಕೆ ಅತ್ತೆಯೇ ಹೋದರು. ಕೂಸು ಮಲಗಿದಾಗ ಆಡುತ್ತೇನೆಂದು ಲ್ಯಾಪ್‌ಟಾಪ್ ಒಯ್ದರು. ಆ ಹಳ್ಳಿಯಲ್ಲಿ ಮಾಳಿಗೆ ಹತ್ತಿದರೆ ಮಾತ್ರ ಫೋನಿಗೆ ಸಿಗ್ನಲ್. ನಾದಿನಿಯ ಗಂಡ ತನ್ನ ಫೋನನ್ನು ಮಾಳಿಗೆಯಲ್ಲಿಟ್ಟು ಅದರಿಂದ ಲ್ಯಾಪ್‌ಟಾಪಿಗೆ ನೆಟ್ ಕೊಟ್ಟರೂ ಆಟ ತೆರೆಯಲಿಲ್ಲ. ಖಾತೆಗೆ ಮತ್ತೆ ಪ್ರವೇಶಿಸಿ ಎಂದಿತು, ಕೋಡ್ ಕೇಳಿತು. ಕೋಡ್ ಬರುವುದು ನನ್ನ ಫೋನಿಗೆ. ನಾನು ತರಗತಿಯಲ್ಲಿ, ಫೋನು ಸ್ಟಾಫ್ ರೂಮಿನ ಚೀಲದಲ್ಲಿ. ನಾನು ನೋಡಿ, ಕರೆ ಮಾಡಿ, ನಾದಿನಿಯ ಗಂಡ ಮಾಳಿಗೆಯ ಮೇಲೆ ಬರೆದುಕೊಂಡು ಕೆಳಗಿಳಿದು ಬರುವಷ್ಟರಲ್ಲಿ ಕೋಡಿನ ಹೊತ್ತು ಮುಗಿದಿರುತ್ತಿತ್ತು. ನಾಲ್ಕು ದಿನ ಹೀಗೇ ನಡೆಯಿತು. ಮತ್ತೆ ಮತ್ತೆ ತಪ್ಪಿದ್ದಕ್ಕೆ ಐದನೆಯ ದಿನ ಖಾತೆಯೇ ಬಂದ್ ಆಯಿತು. ಅದು ನಿಮ್ಮದೆಂದು ತೋರಿಸಲು ಹುಟ್ಟಿದ ದಿನಾಂಕ ಕೊಡಿ ಎಂದು ಸಂದೇಶ ಬಂತು.

ನನ್ನದು, ಗಂಡನದು, ಮದುವೆಯದು, ಸ್ವಾತಂತ್ರ್ಯ ದಿನದ್ದು, ಎಲ್ಲವನ್ನೂ ಕೊಟ್ಟು ನೋಡಿದೆ. ಯಾವುದೂ ಅಲ್ಲ. ಆಟ ಮಾರುವ ನೆಟ್ ಅಂಗಡಿಯವರಿಗೆ ಇಂಗ್ಲಿಷಿನಲ್ಲಿ ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ ಅಕ್ಷರ ಬದಲಾಗದ ಒಂದೇ ಉತ್ತರ ಬಂತು. ಗಂಡನಿಗೆ ಕೂಡ ನಿಜ ಹೇಳಲಿಲ್ಲ. ಏನೋ ತಾಂತ್ರಿಕ ತೊಂದರೆ ಎಂದೆ.

ಮುಂದಿನ ಭಾನುವಾರ ಕೂಸನ್ನು ನೋಡಲು ಹೋದೆ. ಅತ್ತೆ ಅಂಗಳದಲ್ಲಿ ಕೂಸಿನ ಬಟ್ಟೆ ಒಣಹಾಕುತ್ತಿದ್ದರು. ಬಕೆಟ್ಟಿನಿಂದ ಒಂದೊಂದೇ ಬಟ್ಟೆ ಎತ್ತಿ ಕೊಡುತ್ತ ಹೇಳಿದೆ.

"ಅತ್ಯಾರ, ಆಟ ಹೋಗಿದ್ದು ನನ್ನಿಂದ್ರಿ. ಹುಟ್ಟಿದ ದಿನ ಸುಳ್ಳು ಬರದಿದ್ದೆ. ಈಗ ನೆನಪಿಲ್ಲ."

ಅವರು ಬಟ್ಟೆ ಕೊಡವಿ ಹಗ್ಗದ ಮೇಲೆ ಹಾಕಿದರು. ಬೈಯುತ್ತಾರೆಂದು ಕಾದೆ. ಅವರಿಗೆ ನಗು ಬಂತು.

"ನನ್ನ ಆಧಾರ್ ಕಾರ್ಡ್‌ನ್ಯಾಗ ಹುಟ್ಟಿದ ದಿನ ಐತೆಲ್ಲ, ಅದೂ ಸುಳ್ಳ. ಸಾಲಿ ಮಾಸ್ತರ ಜೂನ್ ಒಂದು ಅಂತ ಬರಕೊಂಡಿದ್ದ. ಅದರ ಮ್ಯಾಲೆ ನೌಕರಿ ಮಾಡೀನಿ, ಬಿಟ್ಟೂ ಬಂದೀನಿ. ನೀ ಯಾಕ ಮಾರಿ ಸಣ್ಣದು ಮಾಡ್ತಿ?" ಇನ್ನೊಂದು ಬಟ್ಟೆಗೆ ಕೈ ಚಾಚಿ ಕೇಳಿದರು: "ಹಳೇ ಡಿಸ್ಕು ಎಲ್ಲೈತಿ? ಅದಕ್ಕ ಯಾರನ್ನೂ ಕೇಳಬೇಕಾಗಿರಲಿಲ್ಲ."

ಡಿಸ್ಕು ಅಟ್ಟದ ಮೇಲೆ, ಹಳೆಯ ಪಠ್ಯಪುಸ್ತಕಗಳ ಕೆಳಗೆ ಸಿಕ್ಕಿತು. ಕೊಪ್ಪಳದಲ್ಲಿ ಎರಡು ಕಡೆ ಕೇಳಿದೆ, ಅದು ಈಗ ಆಗುವುದಿಲ್ಲ ಎಂದರು. ನನ್ನ ತವರು ಗಂಗಾವತಿ. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಹಳಬರೊಬ್ಬರಿದ್ದದ್ದು ನೆನಪಾಯಿತು. ನಾದಿನಿಯ ಗಂಡ ಎರಡು ದಿನ ರಜೆ ಹಾಕಿ ಬಾಣಂತಿಯ ಜೊತೆ ಉಳಿದಾಗ ಅತ್ತೆ ಲ್ಯಾಪ್‌ಟಾಪ್ ಹಿಡಿದು ಕೊಪ್ಪಳಕ್ಕೆ ಬಂದರು. ಇಬ್ಬರೂ ಗಂಗಾವತಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಡಿಸ್ಕಿನ ಡಬ್ಬಿ ಅವರ ಮಡಿಲಲ್ಲೇ ಇತ್ತು.

ಅಂಗಡಿಯವರು ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದರು. "ಗೀರು ಅದಾವ್ರಿ. ಆಡೋರು ಯಾರು, ಮೊಮ್ಮಕ್ಕಳೇನ್ರಿ?"

"ನಾನ ಆಡೂದು" ಎಂದರು ಅತ್ತೆ.

ಅವರು ಕನ್ನಡಕ ತೆಗೆದು ಅತ್ತೆಯ ಮುಖ ನೋಡಿ, "ಕುಂದರ್ರಿ ಅಮ್ಮಾರ" ಎಂದು ತಮ್ಮ ಕುರ್ಚಿಯನ್ನೇ ಕೊಟ್ಟರು. ಮೆತ್ತನೆಯ ಬಟ್ಟೆಯಿಂದ ಡಿಸ್ಕನ್ನು ನಡುವಿನಿಂದ ಅಂಚಿನ ಕಡೆಗೆ ಒರೆಸಿದರು. ಮೇಜಿನ ಕೆಳಗಿಂದ ಹೊರಗೆ ಜೋಡಿಸುವ ಒಂದು ಸಣ್ಣ ಡ್ರೈವ್ ತೆಗೆದರು. ಮೊದಲ ಸಲ ಓದಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಒಳಗೆ ಗಿರ್ರೆಂದು ತಿರುಗಿ ಹೆಸರು ತೋರಿಸಿತು. ಆದರೆ ಹೊಸ ಯಂತ್ರ ಹಳೆಯ ಆಟವನ್ನು ಒಪ್ಪಲಿಲ್ಲ. ಅವರು ಒಂದನ್ನು ಬದಲಿಸಿ ಇನ್ನೊಂದನ್ನು ಒತ್ತಿ ಒಂದೂವರೆ ತಾಸು ಕುಳಿತರು. ನಡುವೆ ಚಹಾ ತರಿಸಿದರು.

"ಒಂದು ಕಾಲಕ್ಕ ಈ ಗ್ವಾಡಿ ತುಂಬ ಆಟದ ಡಬ್ಬಿ ಇದ್ದವ್ರಿ" ಎಂದು ಎದುರಿನ ಗೋಡೆ ತೋರಿಸಿದರು. "ಒಬ್ಬ ಒಯ್ದು ಆಡಿದ ಮ್ಯಾಲೆ ಗೆಳೆಯಾಗ ಕೊಡತಿದ್ದ. ಈಗ ಎಲ್ಲಾ ಮೊಬೈಲ್ ನಂಬರಿಗೆ ಗಂಟು ಬಿದ್ದೈತಿ. ಮಂದಿ ನನ್ನ ಹತ್ರ ಬರೂದು ಪಾಸ್‌ವರ್ಡ್ ಮರತೇವಿ ಅಂತ."

"ಹಂಗಂದ್ರ ಹೊಸಾದು ಕೆಟ್ಟದ್ದೇನ್ರಿ?" ನಾನು ಕೇಳಿದೆ.

"ಕೆಟ್ಟದ್ದಲ್ರಿ ಮೇಡಮ್ಮಾರ. ನಾಳೆ ಈ ಡಿಸ್ಕು ಮುರದ್ರ ಮುಗೀತು, ಅದು ಹಂಗ ಮುರಿಯಂಗಿಲ್ಲ. ಎರಡೂ ಇರಬೇಕು. ಈಗ ಕೆಲವ್ರು ಖಾತೆ ಕೇಳದ ಆಟದ ಫೈಲ್ ಕೈಗೆ ಕೊಡಾಕ ಹತ್ಯಾರ. ಅಂಥಾವು ಹೆಚ್ಚಾಗ್ಲಿ ಅಂತೀನಿ."

ಅಷ್ಟರಲ್ಲಿ ಪರದೆಯ ಮೇಲೆ ಹಳೆಯ ನಿಲ್ದಾಣ ಮೂಡಿತು. ಮಳೆಹನಿಯಿಲ್ಲ, ಹಿಮವಿಲ್ಲ, ಗಿಡಮರಗಳೆಲ್ಲ ರಟ್ಟಿನಲ್ಲಿ ಕತ್ತರಿಸಿದಂತೆ. ಅತ್ತೆ ಕುರ್ಚಿ ಮುಂದಕ್ಕೆಳೆದುಕೊಂಡು ರೈಲು ಬಿಟ್ಟರು. ಅಂಗಡಿಗೆ ಬಂದ ಇಬ್ಬರು ಗಿರಾಕಿಗಳು ತಮ್ಮ ಕೆಲಸ ಹೇಳದೆ ನಿಂತು ನೋಡಿದರು. ಸುರಂಗ ದಾಟಿದ ಮೇಲೆ ರೈಲು ನಿಧಾನವಾಗಿ ಬಂದು ಗೆರೆಗೆ ಸರಿಯಾಗಿ ನಿಂತಿತು.

"ಯಾವ ಊರ್ರಿ ಇದು?" ಅಂಗಡಿಯವರು ಕೇಳಿದರು.

"ಕುಷ್ಟಗಿ" ಎಂದರು ಅತ್ತೆ.

ಆಡುವಾಗಲೆಲ್ಲ ಡಿಸ್ಕು ಒಳಗಿರಬೇಕೆಂದು ಅಂಗಡಿಯವರು ಆ ಡ್ರೈವನ್ನು ನಮಗೇ ಕೊಟ್ಟರು. ಹಳ್ಳಿಯಲ್ಲಿ ಉಳಿದ ಬಾಣಂತನವೆಲ್ಲ ರೈಲಿನ ಜೊತೆಗೇ ನಡೆಯಿತು. ಸಿಗ್ನಲ್ ಬೇಕಿಲ್ಲ, ಕೋಡ್ ಬೇಕಿಲ್ಲ. ನಾದಿನಿ ಮಂಚದ ಮೇಲೆ ಮಲಗಿದ್ದಲ್ಲಿಂದಲೇ ಮುಂದಿನ ಊರು ಯಾವುದೆಂದು ಹೇಳುತ್ತಿದ್ದಳಂತೆ.

ಅತ್ತೆ ಹೊಸ ಆಟವನ್ನೂ ಬಿಡಲಿಲ್ಲ. ಕೊಪ್ಪಳಕ್ಕೆ ಮರಳಿದ ಮೇಲೆ ತಮ್ಮದೇ ಹೆಸರಿನಲ್ಲಿ, ತಮ್ಮದೇ ಫೋನ್ ನಂಬರಿನಲ್ಲಿ ಖಾತೆ ತೆರೆಸಿದರು. ಆಟವನ್ನು ಇನ್ನೊಮ್ಮೆ ಕೊಂಡೆವು. ಜೂನ್ ಒಂದು ಎಂದು ನಾನು ಒತ್ತುವಾಗ ಪಕ್ಕದಲ್ಲೇ ನಿಂತು ನೋಡಿದರು. ಮನೆಯಲ್ಲಿ ನೆಟ್ ಇದ್ದಾಗ ಹಿಮದ ರೈಲು, ಊರಿಗೆ ಹೋದಾಗ ಡಿಸ್ಕಿನ ರೈಲು. ಈಗ ಕುಷ್ಟಗಿಗೆ ನಿಜವಾದ ರೈಲೂ ಬಂದಿದೆ. ಅದರಲ್ಲಿ ಎರಡು ಸಲ ಹೋಗಿ ಬಂದು, ಬ್ರೇಕು ಸ್ವಲ್ಪ ಜೋರಾಗಿ ಹಾಕುತ್ತಾರೆಂದು ದೂರಿದರು.

ಕಳೆದ ತಿಂಗಳು ತಾವರಗೇರಾದಿಂದ ಅವರ ಜೊತೆ ಅಡುಗೆ ಮಾಡುತ್ತಿದ್ದ ಗೆಳತಿ ಬಂದಿದ್ದರು. ಅವರನ್ನೂ ಈ ವರ್ಷವೇ ಕೆಲಸದಿಂದ ಬಿಡಿಸಿದ್ದರು. ಮನೆಯಲ್ಲಿ ಹೊತ್ತು ಹೋಗುವುದಿಲ್ಲವೆಂದು ಎರಡು ಸಲ ಹೇಳಿದರು. ಅವರ ಮಗಳು ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ, ಅಲ್ಲೊಂದು ಹಳೆಯ ಕಂಪ್ಯೂಟರ್ ಇದೆ. ಹೊರಡುವಾಗ ಅತ್ತೆ ಒಳಗೆ ಹೋಗಿ ಡಿಸ್ಕಿನ ಡಬ್ಬಿ ತಂದು ಅವರ ಕೈಯಲ್ಲಿಟ್ಟರು.

"ಅದು ಅವರ ಕಡೆ ಇದ್ರ ನೀವು ಆಡಾಕ ಆಗಂಗಿಲ್ರಿ" ಎಂದೆ ನಾನು.

"ಗೊತ್ತೈತಿ. ಅಕಿ ಆಡ್ಲಿ. ನಾ ಹಿಮದಾಗ ಓಡಿಸಿಕೋತ ಇರ್ತೀನಿ."

ಎಂಟು ದಿನ ಬಿಟ್ಟು ಗೆಳತಿಯ ಫೋನ್ ಬಂತು. ಅತ್ತೆ ಬಹಳ ಹೊತ್ತು ಕೇಳಿಸಿಕೊಂಡರು. ನಡುವೆ ಒಂದೆರಡು ಸಲ "ಅದಲ್ಲ, ಬಲಗಡಿದು" ಎಂದರು. ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಹಾರ್ನಿನ ಕೀಲಿ ಎಲ್ಲೈತಿ ಅಂತ ಕೇಳಾಕ ಹತ್ಯಾಳ. ಫೋನ್‌ನ್ಯಾಗ ಹೇಳಿದ್ರ ತಿಳಿಯಂಗಿಲ್ಲ ಅಕಿಗೆ. ಶನಿವಾರ ನಿನ್ನ ಸಾಲಿ ಮುಂಜಾನಿದಲ್ಲೇನು? ಮಧ್ಯಾಹ್ನದ ಬಸ್ಸಿಗೆ ಹೋಗಿ ಬರೂಣೇನು?"

"ಹೋಗೂಣ್ರಿ" ಎಂದೆ.