ರಿಟೈರಾದ ಮಾರನೇ ದಿನದ ಹಾಲು

ಹೋದ ಭಾನುವಾರ ಬೆಳಗ್ಗೆ ಆರೂಕಾಲಿಗೆ ನಾನು ಹಾಲಿಗೆ ನೀರು ಬೆರೆಸಿದೆ.

ಬೇಕಂತ ಅಲ್ಲ. ಆದರೆ ಬೇಕಂತಲೇ ಬೆರೆಸಿದೆ ಅಂತ ಇಲ್ಲಿಯವರೆಗೆ ಯಾರು ತಾನೇ ಒಪ್ಪಿಕೊಂಡಿದ್ದಾರೆ ಹೇಳಿ? ಅದೂ ಯಾರ ಹಾಲಿಗೆ? ಮೂವತ್ತೆರಡು ವರ್ಷ ಊರವರ ಹಾಲಿನಲ್ಲಿ ನೀರು ಹುಡುಕುವುದನ್ನೇ ಕೆಲಸ ಮಾಡಿಕೊಂಡಿದ್ದ ನನ್ನ ಸ್ವಂತ ಅಣ್ಣನ ಹಾಲಿಗೆ. ಅವನು ರಿಟೈರಾದ ಮಾರನೇ ದಿನವೇ.

ಮೊದಲಿಂದ ಹೇಳುತ್ತೇನೆ. (ಯಾವುದನ್ನೂ ಮೊದಲಿಂದ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನನ್ನ ಹೆಂಡತಿ ಈ ಗುಣಕ್ಕೆ ಇಟ್ಟಿರುವ ಹೆಸರನ್ನು ಪತ್ರಿಕೆಯಲ್ಲಿ ಬರೆಯುವಂತಿಲ್ಲ.)

ನಮ್ಮೂರು ಅಕ್ಕಿಹೆಬ್ಬಾಳಿನಿಂದ ಸ್ವಲ್ಪ ಒಳಗೆ. ಅಲ್ಲಿನ ಹಾಲಿನ ಡೈರಿಗೆ ನಮ್ಮಣ್ಣ ಶಿವಲಿಂಗಣ್ಣ ಸೆಕ್ರೆಟರಿ. ಸೆಕ್ರೆಟರಿ ಅಂದರೆ ಎಲ್ಲವೂ ಅವನೇ. ಬಾಗಿಲು ತೆಗೆಯುವವನು, ಹಾಲು ಅಳೆಯುವವನು, ಮುಖ್ಯವಾಗಿ ಡಿಗ್ರಿ ನೋಡುವವನು. ಎತ್ತರದ ಸ್ಟೀಲ್ ಜಾಡಿಗೆ ಹಾಲು ಸುರಿದು ಅದರಲ್ಲಿ ಲ್ಯಾಕ್ಟೋಮೀಟರು ಎಂಬ ಗಾಜಿನ ಕಡ್ಡಿ ಬಿಡುತ್ತಾರೆ. ಗಟ್ಟಿ ಹಾಲಾದರೆ ಕಡ್ಡಿ ಮೇಲೆ ತೇಲುತ್ತದೆ, ನೀರು ಸೇರಿದ್ದರೆ ಮುಳುಗುತ್ತದೆ. ನಮ್ಮೂರಲ್ಲಿ ಇಪ್ಪತ್ತೆಂಟಿದ್ದರೆ ಪಾಸು. ಅದಕ್ಕಿಂತ ಕಡಿಮೆಯಾದರೆ ಅಣ್ಣ ಕತ್ತು ಎತ್ತದೆ ಒಂದೇ ಮಾತು ಹೇಳುತ್ತಿದ್ದ: "ವಾಪಸ್ಸು."

ಅವನ ಮಾವನ ಹಾಲನ್ನೂ ವಾಪಸ್ಸು ಕಳಿಸಿದ್ದಾನೆ. ನಮ್ಮ ಚಿಕ್ಕಪ್ಪನದ್ದನ್ನೂ ಕಳಿಸಿದ್ದಾನೆ, ಹಬ್ಬದ ದಿನ. ಇನ್ನು ಅಕ್ಕಪಕ್ಕದವರು ಒಂದು ಮಾತು ಆಡಬಾರದು ಅಂತ ತನ್ನ ಮನೆಯ ಹಾಲನ್ನು ಡೈರಿಗೆ ಹಾಕಿಸಲೇ ಇಲ್ಲ. ಪರೀಕ್ಷೆ ಮಾಡುವವನು ಪರೀಕ್ಷೆಗೆ ಕೂರಬಾರದು ಅನ್ನುವುದು ಅವನೇ ಮಾಡಿಕೊಂಡ ಕಾನೂನು. ನಮ್ಮತ್ತಿಗೆ ಅಷ್ಟೂ ವರ್ಷ ಎರಡು ಹಸುವಿನ ಹಾಲನ್ನು ಬಸ್‌ಸ್ಟಾಪಿನ ಹೋಟೆಲಿಗೆ ಕೊಟ್ಟಳು.

ಶನಿವಾರ ಅಣ್ಣನಿಗೆ ಅರವತ್ತು ತುಂಬಿತು, ಅವತ್ತೇ ನಿವೃತ್ತಿ. ನಾನು ಪಾಂಡವಪುರದಿಂದ ಬಸ್ಸು ಹಿಡಿದು ಹೋದೆ. (ಬಾಗಿಲಿಗೆ ಬೀಗ ಹಾಕಿದ್ದೇನೋ ಇಲ್ಲವೋ ಅಂತ ಬಸ್‌ಸ್ಟ್ಯಾಂಡಿನಿಂದ ಒಮ್ಮೆ ವಾಪಸ್ಸು ಬಂದು ನೋಡಿ, ಎರಡನೇ ಬಸ್ಸು ಹಿಡಿದೆ.) ನಮ್ಮ ಮನೆಯಲ್ಲಿ ಯಾರದ್ದೂ ಬರ್ತ್‌ಡೇ ಮಾಡಿದ್ದಿಲ್ಲ. ಅಣ್ಣ ಹುಟ್ಟಿದ ತಾರೀಕು ನಮ್ಮವ್ವನಿಗೇ ಗೊತ್ತಿರಲಿಲ್ಲ. ರಾಗಿ ಕುಯ್ಲಿನ ಟೈಮು ಅನ್ನುತ್ತಿದ್ದಳು. ಈ ತಾರೀಕು ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಕೊಟ್ಟಿದ್ದು. ರಾಗಿ ಕುಯ್ಲಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಅದನ್ನೇ ನಂಬಿ ಡೈರಿಯವರು ಕೇಕು ತಂದಿದ್ದರು.

ಕೇಕು ಕತ್ತರಿಸಿದ್ದು ಡೈರಿಯಲ್ಲೇ, ಸಾಯಂಕಾಲ ಹಾಲು ಹಾಕುವ ಹೊತ್ತಿಗೆ. ಊರೆಲ್ಲ ಸೇರುವುದು ಆಗಲೇ ತಾನೆ? ಆರು ಮತ್ತು ಸೊನ್ನೆ ಆಕಾರದ ಮೇಣದಬತ್ತಿ ಇಟ್ಟಿದ್ದರು. ಸೊನ್ನೆ ಬೇಗ ಕರಗಿ ಬಿದ್ದುಹೋಯಿತು. ಅಣ್ಣನಿಗೆ ಆರು ವರ್ಷ. ನಾನು ಅದನ್ನು ಅಪಶಕುನ ಅಂತ ಲೆಕ್ಕ ಹಾಕುತ್ತಿರುವಾಗ ಅಣ್ಣ ಕೇಕಿನ ಕ್ರೀಮನ್ನು ಬೆರಳಲ್ಲಿ ತೆಗೆದು ನಾಲಿಗೆಗಿಟ್ಟುಕೊಂಡ. "ಇದು ಹಾಲಿನ ಕೆನೆ ಅಲ್ಲ" ಅಂದ. ಅದು ಅವನ ಸರ್ವೀಸಿನ ಕೊನೆಯ ತೀರ್ಪು.

ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ನಿವೃತ್ತಿ ಜೀವನ ಸುಖಮಯವಾಗಿರಲಿ ಅಂತ ನಾಲ್ಕು ಜನ ಮೈಕಿನಲ್ಲಿ ಹಾರೈಸಿದರು. ಕೊನೆಗೆ ಮೈಕು ಅಣ್ಣನ ಕೈಗೆ ಬಂತು. ಅವನು ಭಾಷಣ ಮಾಡುವವನಲ್ಲ. "ನಾಳೆಯಿಂದ ನಾನೂ ನಿಮ್ಮಂಗೇ ಲೈನಲ್ಲಿ ನಿಂತು ಹಾಲು ಹಾಕ್ತೀನಿ" ಅಂದು ಮೈಕು ವಾಪಸ್ಸು ಕೊಟ್ಟ.

ಚಪ್ಪಾಳೆ ಬಿತ್ತು. ಆದರೆ ಚಪ್ಪಾಳೆಗಿಂತ ಅರ್ಧ ಸೆಕೆಂಡು ಮೊದಲು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರಲ್ಲ, ಅದನ್ನು ನಾನು ನೋಡಿದೆ. ಇಂಥ ಅರ್ಧ ಸೆಕೆಂಡುಗಳನ್ನು ಹಿಡಿಯುವುದರಲ್ಲಿ ನಾನು ಪಳಗಿದವನು. ಮೂವತ್ತೆರಡು ವರ್ಷದಿಂದ ಇಡೀ ಊರು ಕಾಯುತ್ತಿದ್ದ ಜಾಡಿಗೆ ಕೊನೆಗೂ ಸೆಕ್ರೆಟರಿಯ ಮನೆ ಹಾಲು ಬೀಳುತ್ತದೆ. ಡಿಗ್ರಿ ಬಂದರೆ ಅಣ್ಣ ಗೆದ್ದ. ಬರದಿದ್ದರೆ? ಅಷ್ಟು ವರ್ಷದ ಅಷ್ಟೂ "ವಾಪಸ್ಸು"ಗಳು ಅವನ ಬೆನ್ನು ಹತ್ತುತ್ತವೆ. ನಾನು ಅದನ್ನೇ ಯೋಚಿಸುತ್ತಾ ಮಲಗಿದೆ. ಹಸು ಏನಾದರೂ ಕಡಿಮೆ ಡಿಗ್ರಿ ಕೊಟ್ಟರೆ? ಸೀಮೆಹಸು ಬೇರೆ, ಅದರ ಹಾಲೇ ತೆಳು.

ಹಸುವಿನದ್ದು ಏನೂ ತಪ್ಪಿರಲಿಲ್ಲ.

ಶನಿವಾರ ನಮ್ಮಲ್ಲಿ ಬಾಡು ಬೇಯಿಸುವುದಿಲ್ಲವಾದ್ದರಿಂದ ಊಟ ಭಾನುವಾರಕ್ಕೆ ಇತ್ತು. ನಾಗಮಂಗಲದಿಂದ ಅತ್ತಿಗೆಯ ತವರಿನವರೆಲ್ಲ ಬರುವವರು. ಅತ್ತಿಗೆ ಬೆಳಗ್ಗೆ ಬೇಗ ಹಾಲು ಕರೆದು ಮಸಾಲೆ ರುಬ್ಬುವುದಕ್ಕೆ ಓಡಿದಳು. ಹೋಗುವಾಗ, ಎರಡು ಬಕೆಟ್ ಹಾಲನ್ನೂ ಕ್ಯಾನಿಗೆ ಸೋಸಿಡಿ ಅಂತ ನನಗೆ ಹೇಳಿದಳು. ಊರಿಗೆ ಹೋದಾಗ ನನಗೆ ಯಾರೂ ಕೆಲಸ ಹೇಳುವುದಿಲ್ಲ. ಖುಷಿಯಾಯಿತು. ಬಟ್ಟೆ ಹಿಡಿದು ಸೋಸಿದೆ. ಆಮೇಲೆ ಬಕೆಟ್ಟಿಗೆ ಒಂದು ದೊಡ್ಡ ಲೋಟ ನೀರು ಹಾಕಿ, ಚೆನ್ನಾಗಿ ಕುಲುಕಿ, ಅದನ್ನೂ ಕ್ಯಾನಿಗೆ ಬಿಟ್ಟೆ. ಇನ್ನೊಂದು ಬಕೆಟ್ಟಿಗೂ ಹಾಗೇ ಮಾಡಿದೆ. ನಮ್ಮವ್ವ ಹಾಗೇ ಮಾಡುತ್ತಿದ್ದಳು. ಊರಿಗೆ ಡೈರಿ ಬರುವ ಮುಂಚಿನ ಮಾತು. ಬಕೆಟ್ಟಿಗೆ ಅಂಟಿದ ಹಾಲು ಚರಂಡಿಗೆ ಹೋಗಬಾರದು ಅನ್ನುವುದು ಅವಳ ಶಿಸ್ತು. ಐವತ್ನಾಲ್ಕು ವರ್ಷ ತುಂಬಿದರೂ ನನ್ನ ಕೈ ಮರೆತಿಲ್ಲ ನೋಡಿ ಅಂತ ಹೆಮ್ಮೆಪಟ್ಟುಕೊಂಡೆ ಕೂಡ.

ಅಣ್ಣ ಸ್ನಾನ ಮಾಡಿ ಹೊಸ ಪಂಚೆ ಉಟ್ಟು ಬಂದ. ಕ್ಯಾನು ಎತ್ತಿಕೊಂಡ. ಜೊತೆಗೆ ನಾನೂ ಹೊರಟೆ.

ಡೈರಿಯ ಗೋಡೆಯ ಮೇಲೆ ಅಣ್ಣ ತನ್ನ ಕೈಯಾರೆ ಬಣ್ಣದಲ್ಲಿ ಬರೆದ ಸೂಚನೆಗಳಿವೆ. ನಾನು ನೂರು ಸಲ ನೋಡಿದ್ದೇನೆ, ಒಂದು ಸಲವೂ ಓದಿರಲಿಲ್ಲ. ಅವತ್ತು ಲೈನಿನಲ್ಲಿ ನಿಂತು ಓದಿದೆ. ಎರಡನೆಯದು ಹೀಗಿತ್ತು: "ಪಾತ್ರೆ ತೊಳೆದ ನೀರನ್ನು ಹಾಲಿಗೆ ಸೇರಿಸಬಾರದು."

ಇನ್ನೊಂದು ಸಲ ಓದಿದೆ. ಅದೇ ಇತ್ತು.

ಅಣ್ಣನಿಗೆ ಅದರ ಪರಿವೆಯೇ ಇಲ್ಲ. ಅವನು ಅಭ್ಯಾಸಬಲದಿಂದ ನೇರ ಒಳಗೆ ಮೇಜಿನ ಕಡೆ ನಡೆದುಬಿಟ್ಟಿದ್ದ. ಜಗಲಿಯ ಮೇಲೆ ಕೂತಿದ್ದ ಸಣ್ಣಮ್ಮಜ್ಜಿ ಕೂಗಿದಳು. ಊರಲ್ಲಿ ಅತಿ ಹೆಚ್ಚು ಸಲ ಹಾಲು ವಾಪಸ್ಸು ತೆಗೆದುಕೊಂಡು ಹೋದವಳು ಅವಳೇ. "ಸೆಕ್ರೆಟ್ರಿ, ಲೈನು ಇಲ್ಲಿಂದ ಕಣಪ್ಪ."

ಎಲ್ಲರೂ ನಕ್ಕರು. ಅಣ್ಣನೂ ನಕ್ಕ, ಸ್ವಲ್ಪ ತಡವಾಗಿ. ಬಂದು ಕೊನೆಯಲ್ಲಿ ಕ್ಯಾನು ಇಟ್ಟ. ಮುಂದೆ ಒಂಬತ್ತು ಕ್ಯಾನುಗಳಿದ್ದವು.

ಹೇಳಲೋ ಬೇಡವೋ? ಹೇಳಿದರೆ ಅಣ್ಣ ಏನು ಮಾಡಬೇಕು? ಹೇಳದಿದ್ದರೆ ನಾನು ಮುಂದಿನ ಜೀವನವೆಲ್ಲ ಏನು ಮಾಡಬೇಕು? ಎರಡು ಲೋಟ ನೀರಿಗೆ ಕಡ್ಡಿ ಮುಳುಗುತ್ತದೆಯೇ? ಮುಳುಗದೆಯೂ ಇರಬಹುದಲ್ಲ? ಒಂಬತ್ತು ಕ್ಯಾನು ಐದಾಯಿತು, ಮೂರಾಯಿತು. ಕೊನೆಗೆ ಅಣ್ಣನ ಕಿವಿಯ ಹತ್ತಿರ ಬಾಯಿಟ್ಟು ಹೇಳಿಬಿಟ್ಟೆ. ಅವನು ನನ್ನನ್ನು ನೋಡಿದ. ಎಷ್ಟು ಅಂತ ಕೇಳಿದ. ಎರಡು ಲೋಟ ಅಂದೆ. ಯಾವ ಲೋಟ ಅಂದ. ದೊಡ್ಡದು ಅಂದೆ.

ಹೊಟ್ಟೆನೋವು ಅಂತ ಹೇಳಿ ಹೋಗಿಬಿಡೋಣ ಅಂತ ನಾನೇ ದಾರಿಯನ್ನೂ ತೋರಿಸಿದೆ.

"ಯಾರ್ಗೆ ಹೊಟ್ಟೆನೋವು?"

"ನನಗೆ."

"ನಿಂಗೆ ಹೊಟ್ಟೆನೋವು ಬಂದ್ರೆ ನಾನ್ಯಾಕ್ಲಾ ಕ್ಯಾನ್ ಎತ್ಕೊಂಡು ಓಡ್ಲಿ?"

ಅವನು ಲೈನು ಬಿಟ್ಟು ಹೋಗಲಿಲ್ಲ. ಕ್ಯಾನನ್ನು ಕಾಲಿನಿಂದ ಮುಂದಕ್ಕೆ ತಳ್ಳಿಕೊಂಡು ತಳ್ಳಿಕೊಂಡು ಮೇಜಿನ ಹತ್ತಿರ ಬಂದ.

ಮೇಜಿನ ಆಚೆ ಅವನ ಕುರ್ಚಿಯಲ್ಲಿ ಈಗ ಸವಿತ ಕೂತಿದ್ದಳು. ಊರಿನ ಸೊಸೆ. ಆರು ತಿಂಗಳಿಂದ ಅಣ್ಣನೇ ಕೆಲಸ ಕಲಿಸಿದ ಹೆಣ್ಣುಮಗಳು. ಅವಳಿಗೂ ಅದು ಮೊದಲ ದಿನ. ಹಾಲು ಜಾಡಿಗೆ ಬಿತ್ತು. ಕಡ್ಡಿ ಇಳಿಯಿತು. ಹಾಲು ಹಾಕಿ ಆಗಿದ್ದವರು ಒಬ್ಬರೂ ಮನೆಗೆ ಹೋಗಿರಲಿಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ಆಗಲೇ. ಅಷ್ಟು ತಲೆಗಳು ಒಂದು ಜಾಡಿಯ ಮೇಲೆ ಬಗ್ಗಿದ್ದವು.

ಸವಿತ ಕಡ್ಡಿ ನೋಡಿದಳು. ಅಣ್ಣನನ್ನು ನೋಡಿದಳು. ಮತ್ತೆ ಕಡ್ಡಿ ನೋಡಿದಳು.

"ಮಾವ, ಇನ್ನೊಂದ್ಸಲ ಬಿಟ್ಟು ನೋಡ್ಲಾ?"

"ಬ್ಯಾಡ ಕಣವ್ವ. ನಾನು ಯಾರ್ಗಾರ ಎರಡ್ನೇ ಸಲ ನೋಡಿದ್ನಾ? ಎಷ್ಟು ಬಂತೋ ಅಷ್ಟನ್ನ ಜೋರಾಗೇಳು."

ಅವಳು ಕತ್ತು ಎತ್ತದೆ ಹೇಳಿದಳು. ಇಪ್ಪತ್ತಾರೂವರೆ. ವಾಪಸ್ಸು.

ನನಗೆ ತಡೆಯಲಾಗಲಿಲ್ಲ. ಮುಂದೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಇದು ಅಣ್ಣನ ತಪ್ಪಲ್ಲ, ನನ್ನ ತಪ್ಪು, ಬೇರೆ ನೀರಲ್ಲ, ಬಕೆಟ್ ತೊಳೆದ ನೀರು, ಗೊತ್ತಿಲ್ಲದೆ ಕ್ಯಾನಿಗೆ ಬಿಟ್ಟೆ ಅಂತ.

ಆಗ ಶುರುವಾಯಿತು ನಗು. ಜಗಲಿ, ಲೈನು, ಒಳಗೆ, ಹೊರಗೆ ಎಲ್ಲ ಕಡೆ ನಗು. ಒಬ್ಬಾತನಂತೂ ಖಾಲಿ ಕ್ಯಾನಿನ ಮೇಲೆ ಕೂತೇಬಿಟ್ಟ. ನನಗೆ ಅರ್ಥವಾಗಲಿಲ್ಲ. ಸಣ್ಣಮ್ಮಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು ವಿವರಿಸಿದಳು:

"ನಾವೂ ಇದ್ನೇ ಕಣಪ್ಪ ಯೋಳ್ತಿದ್ದುದು. ಮೊಮ್ಮಗ ಹಾಕ್ದ, ಸೊಸೆ ಹಾಕುದ್ಲು, ಬಕೆಟ್ ತೊಳೆದ್ ನೀರು ಅಂತ. ನಿಮ್ಮಣ್ಣ ಒಂದಿನಾನಾರ ನಂಬುದ್ನಾ ಕೇಳು."

ಅಣ್ಣ ಕ್ಯಾನು ಹಿಡಿದು ನಿಂತೇ ಇದ್ದ. ಅವನು ಮೊದಲು ನನ್ನನ್ನು ನೋಡಿದ, ಆಮೇಲೆ ಅಜ್ಜಿಯನ್ನು. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳುವಷ್ಟು ಮೆಲ್ಲಗೆ ಕೇಳಿದ.

"ಅಂಗಾರೆ ನೀನೇಳ್ತಿದ್ದುದು ನಿಜವೇನವ್ವ?"

ಅಜ್ಜಿ ನಗು ನಿಲ್ಲಿಸಿದಳು.

"ಒಂದೊಂದಿನ ನಿಜ. ಒಂದೊಂದಿನ ಸುಳ್ಳು. ಯಾವತ್ತು ಯಾವ್ದು ಅಂತ ಈಗ ನಂಗೂ ನೆಪ್ಪಿಲ್ಲ ಬುಡು. ಬಾ, ಕೂತ್ಕೊ."

ಅವಳು ಸರಿದು ಜಗಲಿಯಲ್ಲಿ ಜಾಗ ಮಾಡಿದಳು. ಅಣ್ಣ ಕೂತ. ಅವನ ಭುಜ ಅಲುಗುವುದು ಕಂಡು ಅಳುತ್ತಿದ್ದಾನೆ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ನಗುತ್ತಿದ್ದಾನೆ. ನಮ್ಮಣ್ಣ ಡೈರಿಯಲ್ಲಿ ಹಾಗೆ ನಕ್ಕಿದ್ದನ್ನು ಆ ಊರು ನೋಡಿದ್ದೇ ಅವತ್ತು. ಯಾರೋ ಟೀ ತರಿಸಿದರು. ನಿನ್ನೆಯವರೆಗೆ ಸೆಕ್ರೆಟ್ರಿ ಅನ್ನುತ್ತಿದ್ದವರು ಶಿವಲಿಂಗಣ್ಣ ಅಂತ ಕರೆದು ಅದನ್ನು ಅವನ ಕೈಗಿಟ್ಟರು.

ವಾಪಸ್ಸು ಬಂದ ಹಾಲು ವ್ಯರ್ಥವಾಗಲಿಲ್ಲ. ಊಟಕ್ಕೆ ಬಂದವರಿಗೆಲ್ಲ ಕಾಫಿ ಆಯಿತು. ಅತ್ತಿಗೆಗೆ ವಿಷಯ ತಿಳಿದು, ಇನ್ನು ಮುಂದೆ ನೀವು ಬರೀ ಪೇಪರ್ ಓದಿಕೊಂಡು ಕೂತಿರಿ ಅಂದಳು. ಅದಕ್ಕೆ ನನ್ನ ಒಪ್ಪಿಗೆಯಿದೆ.

ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ನಾವು ರಿಟೈರ್‌ಮೆಂಟ್ ಅಂದರೆ ಈಸಿಚೇರು, ಮೊಮ್ಮಕ್ಕಳು, ವಾಕಿಂಗು, ಶುಗರ್ ಟೆಸ್ಟು ಅಂದುಕೊಂಡಿದ್ದೇವೆ. ಶಾಲು ಹೊದಿಸುವವರು ಯಾರೂ ಅಸಲಿ ವಿಷಯ ಹೇಳುವುದಿಲ್ಲ. ಇಷ್ಟು ದಿನ ಮೇಜಿನ ಆಚೆ ಕೂತಿದ್ದವರು ಮಾರನೇ ದಿನ ಬೆಳಗ್ಗೆ ಈಚೆ ಬಂದು ನಿಲ್ಲಬೇಕು. ಅಷ್ಟೇ ರಿಟೈರ್‌ಮೆಂಟು. ಆ ನಾಲ್ಕು ಹೆಜ್ಜೆ ಇಡಲಾರದೆ ಎಷ್ಟೋ ದೊಡ್ಡ ಸಾಹೇಬರು ಮನೆಯೊಳಗೇ ಕೂತು ಮುದುಕರಾದದ್ದನ್ನು ನಾನು ನೋಡಿಲ್ಲವೇ? ನಾನೂ ಒಂದು ಕಾಲೇಜಿನ ಆಫೀಸಿನಲ್ಲಿ ಮೇಜಿನ ಆಚೆಗೇ ಇರುವವನು. ಅರ್ಜಿ ತಂದ ಮಕ್ಕಳು ಬಸ್ಸು ತಪ್ಪಿತು ಸಾರ್ ಅಂದರೆ ನಾನು ನಂಬುವುದಿಲ್ಲ. ಒಂದೊಂದು ದಿನ ನಿಜವಾಗಿಯೂ ತಪ್ಪಿರುತ್ತದೇನೋ.

ಸೋಮವಾರ ಬೆಳಗ್ಗೆ ಏಳಕ್ಕೆ ಫೋನು. ಊರಿಂದ ಆ ಹೊತ್ತಿಗೆ ಫೋನು ಬಂದರೆ ನಾನು ಏನೇನು ಅಂದುಕೊಳ್ಳುತ್ತೇನೆ ಅಂತ ನಿಮಗೆ ಗೊತ್ತು. ಎತ್ತಿದೆ. ಅಣ್ಣ. ನಮಸ್ಕಾರವಿಲ್ಲ, ಕ್ಷೇಮ ಸಮಾಚಾರವಿಲ್ಲ.

"ಇಪ್ಪತ್ತೊಂಬತ್ತು ಬಂತು ಕಣ್ಲಾ."

ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಅವನ ಧ್ವನಿ ಹಾಗಿರಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಕೂತೆ. ಸಣ್ಣಮ್ಮಜ್ಜಿಯದ್ದು ಎಷ್ಟು ಬಂತು ಅಂತ ವಿಚಾರಿಸಿದೆ. ಇಪ್ಪತ್ತೇಳಂತೆ. ಬಕೆಟ್ ತೊಳೆದ ನೀರು ಅಂದಳಂತೆ. ಸವಿತ ಒಪ್ಪದೆ ಹಾಲು ವಾಪಸ್ಸು ಕಳಿಸಿದಳಂತೆ. ಅಜ್ಜಿಯ ಪರ ವಹಿಸಿ ಜಗಳಕ್ಕೆ ನಿಂತವನು ನಮ್ಮಣ್ಣನಂತೆ!

ನೀನು ಅವಳನ್ನು ನಂಬಿಬಿಟ್ಟೆಯಾ ಅಂತ ಕೇಳಿದೆ.

"ನಂಬ್ದೆ ಇನ್ನೇನ್ಲಾ. ಅನುಮಾನ ಪಡೋ ಕೆಲ್ಸದಿಂದ ರಿಟೈರಾದ್ನಲ್ಲ."

ಅನುಮಾನಕ್ಕೆ ಅರವತ್ತು ಸರಿ, ಚಿಂತೆ ಮಾಡುವ ನೌಕರಿಗೆ ನಿವೃತ್ತಿ ವಯಸ್ಸು ಎಷ್ಟು ಅಂತ ನಿಮ್ಮಲ್ಲಿ ಯಾರಿಗಾದರೂ ಗೊತ್ತೇ?