ಅಪ್ಪ ಭಂಡಾರ ಎತ್ತಿದ್ದು

ಕುರಿಗಳ ಬೆನ್ನಿಗೆ ಗುರುತಿನ ಬಣ್ಣ ಹಚ್ಚೋಣ ಎಂದು ಅವ್ವ ಪ್ರತಿ ವರ್ಷ ಹೇಳುತ್ತಿದ್ದಳು. ಅಪ್ಪ ಪ್ರತಿ ವರ್ಷ ನಗುತ್ತಿದ್ದ. ಹೆತ್ತವಳು ಮಗನ ಗುರುತು ಹಿಡಿಯಲು ಹಣೆಗೆ ಬಣ್ಣ ಬಳಿಯುತ್ತಾಳೇನು ಎಂದು ಕೇಳುತ್ತಿದ್ದ. ಮಾತೇನೋ ಚೆಂದ. ಆದರೆ ನಮ್ಮಪ್ಪನದು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮಕ್ತಲ್ ಸುತ್ತ ಕುರಿಯ ಜಗಳ ಯಾವುದಿದ್ದರೂ ಅವನನ್ನೇ ಕರೆದು ಕೂಡಿಸುತ್ತಿದ್ದರು. ಅವನ ಮಾತಿಗೆ ಅಷ್ಟು ಬೆಲೆಯಿತ್ತು.

ಹೋದ ವರ್ಷ ರಾಯಚೂರು ರಸ್ತೆಯಲ್ಲಿ ಲಾರಿಯ ಹಾರ್ನಿಗೆ ಬೆದರಿ ನಮ್ಮ ಮಂದೆಯೂ ಧನ್ವಾಡ ಕಡೆಯ ಯುವಕನೊಬ್ಬನ ಮಂದೆಯೂ ಕಲೆತುಹೋದವು. ಬೇರ್ಪಡಿಸುತ್ತ ಬಂದರೆ ಕೊನೆಗೆ ಎರಡು ಕರಿಮುಖದ ಕುರಿಗಳು ಉಳಿದವು, ಎರಡೂ ಒಂದೇ ಅಚ್ಚು. ಆಗಷ್ಟೇ ಉಣ್ಣೆ ಕತ್ತರಿಸಿದ್ದರಿಂದ ಯುವಕ ಹಚ್ಚಿದ್ದ ಬಣ್ಣವೂ ಹೋಗಿತ್ತು. ಎರಡಕ್ಕೂ ಅವರವರ ಹಟ್ಟಿಯಲ್ಲಿ ಹಾಲು ಕುಡಿಯುವ ಮರಿಗಳಿದ್ದವು. ಸಂಜೆ ಮರಿ ಬಿಟ್ಟು ನೋಡೋಣ, ತಾಯಿ ಯಾರೆಂದು ಅವೇ ಹೇಳುತ್ತವೆ ಎಂದರು ಅಲ್ಲಿ ಸೇರಿದ್ದ ಹಿರಿಯರು. ಅಪ್ಪನಿಗೆ ಅವಮಾನವಾಯಿತು. ತನ್ನ ಮಾತಿಗೆ ಕುರಿಮರಿಯ ಸಾಕ್ಷಿಯೇ? ಚೀಲದಿಂದ ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ತೆಗೆದು ಅಂಗೈಗೆ ಸುರಿದುಕೊಂಡ. ಒಂದು ಕುರಿಯನ್ನು ತೋರಿಸಿ, ಇದು ನನ್ನದು ಎಂದು ಆಣೆ ಮಾಡಿದ. ಅವನು ಸುಳ್ಳು ಹೇಳಲಿಲ್ಲ, ಅಷ್ಟು ಖಾತ್ರಿಯಿತ್ತು. ಭಂಡಾರ ಎತ್ತಿದ ಮೇಲೆ ನಮ್ಮಲ್ಲಿ ಎದುರು ಮಾತಿಲ್ಲ. ಯುವಕ ಇನ್ನೊಂದನ್ನು ಹೊಡೆದುಕೊಂಡು ಹೋದ.

ಮನೆಗೆ ಬಂದ ಕುರಿ ನಮ್ಮ ಮರಿಯನ್ನು ಒದ್ದು ದೂಡಿತು. ಬೆದರಿದೆ, ಬೆಳಗ್ಗೆ ಸರಿಹೋಗುತ್ತದೆ ಎಂದ ಅಪ್ಪ. ಅವ್ವ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿದಳು. ಮಗಳಾದ ನನಗೆ ಸಿಟ್ಟು ನೆತ್ತಿಗೇರಿತ್ತು.

ಮರುದಿನ ಯುವಕ ಸೊರಗಿದ ಮರಿಯನ್ನು ಎತ್ತಿಕೊಂಡು ಬಂದ.

"ಕುರಿ ನಿಮ್ಮದ ಇರಲಿ ಮಾವ. ಮರಿ ಹಸದೈತಿ. ಹಾಲು ಕುಡಿಸಿಕೊಂಡು ಹೋಗ್ತೀನ್ರಿ."

ಕೆಳಗಿಳಿಸಿದ್ದೇ ತಡ, ಮರಿ ಓಡಿತು. ಕುರಿ ಅದರ ಬಾಲ ಮೂಸಿ, ಹಾಲು ಕೊಡುತ್ತ ಸುಮ್ಮನೆ ನಿಂತಿತು. ಅಪ್ಪ, ಕುರಿ ಒಯ್ಯಿ ಎಂದ. ಯುವಕ ಒಪ್ಪಲಿಲ್ಲ.

"ನೀವು ಭಂಡಾರ ಎತ್ತೀರಿ. ನಾ ಒಯ್ದರ ನಿಮ್ಮ ಆಣೆ ಸುಳ್ಳಾಗತೈತಿ."

ಅಪ್ಪನ ಮಾತನ್ನು ಅಪ್ಪನೇ ಮುರಿಯಬೇಕಿತ್ತು. ಆ ಮಾತಿನ ಮೇಲೇ ಬದುಕಿದವನು, ಅದು ಹೋದರೆ ಅವನಿಗೆ ಏನುಳಿದೀತು ಎಂದು ನನಗೆ ಹೆದರಿಕೆಯಾಯಿತು. ಅಂದೇ ಅವನು ಹಿರಿಯರನ್ನು ಬೀರಪ್ಪನ ಗುಡಿಗೆ ಕರೆಸಿದ. ರುಮಾಲು ತೆಗೆದು ನಿಂತ.

"ಗೊತ್ತೈತಿ ಅನಕೊಂಡಿದ್ದೆ. ಗೊತ್ತಿರಲಿಲ್ಲ."

ಕುರಿಗಳು ತಮ್ಮ ತಮ್ಮ ಮರಿಗಳ ಹತ್ತಿರ ಹೋದವು. ಈಗ ಜಗಳ ಬಂದರೆ ಅಪ್ಪನನ್ನು ಯಾರೂ ಕರೆಯುವುದಿಲ್ಲ. ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಮಾಡಿ ಮುಂದೆ ಹೋಗುತ್ತಾರೆ. ಆ ಯುವಕನೊಬ್ಬನೇ, ಸಂತೆಯಲ್ಲಿ ಕುರಿ ಕೊಳ್ಳಲು ಹೊರಟಾಗ, ನಮ್ಮ ಬಾಗಿಲಿಗೆ ಬಂದು ಅಪ್ಪನನ್ನು ಕರೆಯುತ್ತಾನೆ.