ಪಕ್ಕದ ಕೋಣೆಯ ಲೋಕಸಂಚಾರಿ

ನಮ್ಮ ಶಾಲೆಯ ಗಣಿತದ ಮೇಷ್ಟ್ರೊಬ್ಬರಿಗೆ ಮಕ್ಕಳು ಇಟ್ಟ ಹೆಸರು ಲೋಕಸಂಚಾರಿ. ಪಕ್ಕದ ಕೋಣೆಯಲ್ಲಿ ಅದೇ ಗಣಿತ ಹೇಳುವ ನನಗೆ ಅವರು ದಿನಾ ಬರುವ ತಲೆನೋವು. ಕೂಡುವ ಲೆಕ್ಕ ಹಿಡಿದರೆ ಸಾಕು, ಸಮುದ್ರ ದಾಟಿಬಿಡುತ್ತಾರೆ: ಒಂದು ಕಡೆ ಬೆರಳ ಗೆಣ್ಣು ಹಿಡಿದು ಒಂದೇ ಕೈಯಲ್ಲಿ ಹನ್ನೆರಡು ಎಣಿಸುತ್ತಾರಂತೆ, ಇನ್ನೊಂದು ಕಡೆ ಹಗ್ಗದ ಗಂಟೇ ಅಂಕಿಯಂತೆ. ನಲವತ್ತು ಮಕ್ಕಳು ಗಂಟು ಹಾಕುತ್ತ ಕೂತರೆ ಪಾಠ ಮುಗಿಸುವವರು ಯಾರು? "ಸರ್, ಪರೀಕ್ಷೆ ತಲೆ ಮೇಲೆ ಕೂತಿದೆ" ಎಂದರೆ, "ಕೂತಿರ್ಲಿ ಬಿಡಿ ಮೇಡಂ, ನಿಂತೂ ನಿಂತೂ ಅದಕ್ಕೂ ಕಾಲು ನೋಯತ್ತೆ" ಎನ್ನುತ್ತಾರೆ. ಮೊನ್ನೆ ಅವರು ರಜೆ ಹಾಕಿದ್ದರಿಂದ ಅವರ ಮಕ್ಕಳ ಹಾಳೆ ತಿದ್ದುವ ಕೆಲಸ ನನ್ನ ಕೊರಳಿಗೆ ಬಿತ್ತು. ಬೇರೆ ದೇಶದಿಂದ ಬಂದು ಮೂರು ತಿಂಗಳಾದರೂ ಬಾಯಿ ಬಿಡದ ಹುಡುಗಿಯೊಬ್ಬಳು, ಎಡಗಡೆ ಇರಬೇಕಾದ ಭಾಜಕವನ್ನು ಬಲಗಡೆ ಬರೆದು ಭಾಗಿಸಿದ್ದಳು. ಮುಂದೆ ನೋಡದೆ ಕೆಂಪು ಇಂಟು ಮಾರ್ಕು ಎಳೆದೆ. ಮರುದಿನ ಪಕ್ಕದ ಕೋಣೆ ಎಂದೂ ಇಲ್ಲದಷ್ಟು ಸುಮ್ಮನಿತ್ತು, ಇಣುಕಿದೆ. ಆ ಹುಡುಗಿ ಹಲಗೆಯ ಮುಂದೆ ನಿಂತು ಭಾಗಾಕಾರ ಹೇಳಿಕೊಡುತ್ತಿದ್ದಳು. ಅವಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತ ಮೇಷ್ಟ್ರು, "ನಿಧಾನ ಕಣಮ್ಮ, ನಿಮ್ಮ ದೇಶದ ಲೆಕ್ಕ ನಂಗಿನ್ನೂ ಬಂದಿಲ್ಲ" ಎನ್ನುತ್ತ ಬರೆದುಕೊಳ್ಳುತ್ತಿದ್ದರು. ಹಲಗೆಯ ಮೇಲಿದ್ದದ್ದು ನಾನು ಇಂಟು ಎಳೆದ ಅದೇ ಲೆಕ್ಕ. ಉತ್ತರ ಸರಿಯಾಗಿತ್ತು.